ಕಾಲೇಜ್ ಸೀಟ್ ಸಿಕ್ಕಿದೆ, ಈಗ ಇಂಗ್ಲಿಷ್ ಕ್ಲಾಸ್ ಬಿಡಬಹುದಾ? ಅನುಭವ ಇದ್ದವರು ಹೇಳಿ

ಫ್ರೀಮಾಂಟ್‌ನಿಂದ ಒಬ್ಬ ಅಮ್ಮನ ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ಮಗನಿಗೆ ಇದು ಹೈಸ್ಕೂಲಿನ ಕೊನೇ ವರ್ಷ. ಮಾರ್ಚ್ ಕೊನೆಯಲ್ಲಿ ಯೂನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾದ (ಯುಸಿ) ಒಂದು ಕ್ಯಾಂಪಸ್‌ನಲ್ಲಿ ಸೀಟ್ ಸಿಕ್ಕಿತು. ಮನೆಯಲ್ಲಿ ಪಾಯಸ ಮಾಡಿದ್ದಾಯಿತು, ಮೈಸೂರಿನ ಅಜ್ಜಿ-ತಾತನಿಗೆ ಫೋನ್ ಮಾಡಿದ್ದಾಯಿತು. ಈಗ ಅವನು ಎಪಿ (ಹೈಸ್ಕೂಲಿನಲ್ಲೇ ಕಲಿಸುವ ಕಾಲೇಜು ಮಟ್ಟದ ಕ್ಲಾಸು) ಇಂಗ್ಲಿಷ್ ಲಿಟರೇಚರ್ ಬಿಟ್ಟುಬಿಡುತ್ತೇನೆ ಅಂತ ಹಟ ಹಿಡಿದಿದ್ದಾನೆ. ಸದ್ಯ ಗ್ರೇಡ್ ಸಿ ಮೈನಸ್ ಇದೆ, ಡಿಗೆ ಇಳಿದೀತು ಅಂತ ಭಯ. ರಾತ್ರಿ ಒಂದು ಗಂಟೆಯಾದರೂ ಎಸ್ಸೆ ಮುಂದೆ ಕೂತಿರುತ್ತಾನೆ. ಮುಖ ನೋಡಲಾಗುತ್ತಿಲ್ಲ. "ಸೀಟ್ ಸಿಕ್ಕಾಯ್ತಲ್ಲಮ್ಮಾ, ಇನ್ನೇನು?" ಅನ್ನುತ್ತಾನೆ. ಆದರೆ ಇಂಗ್ಲಿಷ್ ಕಡ್ಡಾಯ ಅಲ್ವಾ? ಬಿಟ್ಟರೆ ಸೀಟಿಗೇ ಕುತ್ತು ಬರುತ್ತದಾ? ನಿಮ್ಮ ಮಕ್ಕಳ ವಿಷಯದಲ್ಲಿ ಏನಾಯಿತು, ದಯವಿಟ್ಟು ಹೇಳಿ.

ಸ್ಯಾನ್ ಹೋಸೆಯಿಂದ

ಅಕ್ಕ, ಮೊದಲು ಒಂದು ಸಮಾಧಾನದ ಮಾತು. ಯುಸಿ ಲೆಕ್ಕದಲ್ಲಿ ಪ್ಲಸ್ ಮೈನಸ್ ಇಲ್ಲ. ಸಿ ಮೈನಸ್ ಬಂದರೂ ಅದು ಸಿ ಅಂತಲೇ. ಹಾಗಾಗಿ ನಿಮ್ಮ ಮಗ ಇವತ್ತಿಗೆ ಡಿಗೆ ಇಳಿಯಬಾರದು ಅನ್ನುವ ಗೆರೆಯಿಂದ ಈಚೆಗೇ ಇದ್ದಾನೆ.

ಆದರೆ ಇಂಗ್ಲಿಷನ್ನು ಪೂರ್ತಿ ಬಿಡುವ ಮಾತೇ ಬೇಡ. ಯುಸಿಗೆ ನಾಲ್ಕು ವರ್ಷ ಇಂಗ್ಲಿಷ್ ಬೇಕು. ಹೆಚ್ಚಿನ ಸ್ಕೂಲುಗಳಲ್ಲಿ ಡಿಪ್ಲೊಮಾಗೂ (ಹೈಸ್ಕೂಲ್ ಮುಗಿಸಿದ ಸರ್ಟಿಫಿಕೇಟ್) ಅಷ್ಟೇ ಬೇಕು. ಪ್ರವೇಶ ಒಪ್ಪುವಾಗ ಅವನು ಪೋರ್ಟಲ್‌ನಲ್ಲಿ ಒಂದು ಷರತ್ತು ಪತ್ರಕ್ಕೆ ಒಪ್ಪಿಗೆ ಕೊಡಬೇಕಲ್ಲ, ಅದನ್ನು ತೆಗೆದು ಇಬ್ಬರೂ ಕೂತು ಓದಿ. ಕೊನೇ ವರ್ಷ ಡಿ, ಎಫ್ ಬರಬಾರದು, ಅರ್ಜಿಯಲ್ಲಿ ಬರೆದ ಕ್ಲಾಸುಗಳನ್ನು ಮುಗಿಸಬೇಕು, ಏನಾದರೂ ಬದಲಾದರೆ ತಿಳಿಸಬೇಕು ಅಂತ ಅದರಲ್ಲಿ ಸ್ಪಷ್ಟವಾಗಿದೆ. ಮಗಳ ಪತ್ರದಲ್ಲಿ ಕೊನೇ ವರ್ಷದ ಗ್ರೇಡುಗಳ ಸರಾಸರಿ 4ಕ್ಕೆ 3.0ಕ್ಕಿಂತ ಕೆಳಗೆ ಹೋಗಬಾರದು ಅಂತಲೂ ಇತ್ತು.

ನನ್ನ ಮಗಳೂ ಇದೇ ಕ್ಲಾಸಿನಲ್ಲಿ ಸುಸ್ತಾಗಿದ್ದಳು. ಅವಳು ಬಿಡಲಿಲ್ಲ, ಎಪಿಯಿಂದ ಸಾಮಾನ್ಯ ಇಂಗ್ಲಿಷ್ 12ಕ್ಕೆ ಇಳಿದಳು. ಅದೂ ಯುಸಿ ಒಪ್ಪುವ ಕ್ಲಾಸೇ. ಮೊದಲು ಕ್ಲಾಸುಗಳ ವಿಷಯ ನೋಡಿಕೊಳ್ಳುವ ಸ್ಕೂಲ್ ಕೌನ್ಸೆಲರ್ ಹತ್ತಿರ ಹೋಗಿ ಮೂರು ಪ್ರಶ್ನೆ ಕೇಳಿದಳು. ಈಗ ಬದಲಿಸಲು ಸ್ಕೂಲ್ ಬಿಡುತ್ತದಾ? ಹಳೇ ಕ್ಲಾಸಿನ ಗ್ರೇಡ್ ಹೊಸ ಕ್ಲಾಸಿಗೂ ಬರುತ್ತದಾ? ಟ್ರಾನ್ಸ್‌ಕ್ರಿಪ್ಟ್‌ನಲ್ಲಿ (ಗ್ರೇಡುಗಳ ಪಟ್ಟಿ) ಏನಂತ ಬರೆಯುತ್ತಾರೆ? ಈ ಕೊನೇ ಪ್ರಶ್ನೆ ಮರೆಯಬೇಡಿ. ತಡವಾಗಿ ಬಿಟ್ಟರೆ ಕೆಲವು ಸ್ಕೂಲುಗಳು ಡಬ್ಲ್ಯೂ (ಕ್ಲಾಸ್ ಬಿಟ್ಟಿದ್ದಾರೆ) ಅಂತ ಹಾಕುತ್ತವೆ, ಕೆಲವು ಎಫ್ ಅನ್ನೇ ಹಾಕುತ್ತವೆ. ಏಪ್ರಿಲ್‌ನಲ್ಲಿ ಎಷ್ಟೋ ಸ್ಕೂಲುಗಳು ಬದಲಿಸಲು ಬಿಡುವುದೇ ಇಲ್ಲ.

ಕೌನ್ಸೆಲರ್ ಆಗಬಹುದು ಅಂದ ಮೇಲೂ ಅವಳು ತಕ್ಷಣ ಬದಲಿಸಲಿಲ್ಲ. ಕಾಲೇಜಿಗೆ ಪೋರ್ಟಲ್ ಮೂಲಕ ಬರೆದಳು. ನಾಲ್ಕೇ ಸಾಲು. ಹೆಸರು, ಅರ್ಜಿ ನಂಬರ್. ಯಾವ ಕ್ಲಾಸಿನಿಂದ ಯಾವ ಕ್ಲಾಸಿಗೆ, ಯಾವತ್ತಿನಿಂದ. ಯಾಕೆ ಅಂತ ಒಂದು ಸಾಲು. ಕೊನೆಗೆ, "ಇದರಿಂದ ನನ್ನ ಪ್ರವೇಶಕ್ಕೆ ತೊಂದರೆ ಇದೆಯೇ, ತಿಳಿಸಿ." ಆಗಬಹುದು ಅಂತ ಉತ್ತರ ಬಂತು. ಅದನ್ನು ಪಿಡಿಎಫ್ ಮಾಡಿ ಇಟ್ಟುಕೊಂಡೆವು, ಆಮೇಲೆ ಕ್ಲಾಸ್ ಬದಲಾಯಿತು. ಮೇಲ್ ಅವಳೇ ಬರೆಯಲಿ ಅಂತ ನಾನು ಕೈ ಹಾಕಲಿಲ್ಲ. ಕಾಲೇಜಿನವರೂ ವಿದ್ಯಾರ್ಥಿಯ ಜೊತೆಗೇ ಮಾತಾಡಲು ಬಯಸುತ್ತಾರೆ.

ಡಲ್ಲಾಸ್ ಹತ್ತಿರದಿಂದ ಒಬ್ಬ ಅಪ್ಪ

ನಮ್ಮದು ಟೆಕ್ಸಸ್, ನಿಯಮ ಸ್ವಲ್ಪ ಬೇರೆ. ಮಗ ಮೊದಲು ಎಕನಾಮಿಕ್ಸ್ ಬಿಡುತ್ತೇನೆ ಅಂದ. ಇಲ್ಲಿ ಅದು ಅರ್ಧ ಕ್ರೆಡಿಟ್ಟಿನ ಕ್ಲಾಸು. ಚಿಕ್ಕದು, ಆದರೆ ಅದಿಲ್ಲದೆ ಡಿಪ್ಲೊಮಾ ಇಲ್ಲ. ಕೌನ್ಸೆಲರ್ ಒಂದೇ ಮಾತಿನಲ್ಲಿ ಆಗಲ್ಲ ಅಂದರು. ಆಮೇಲೆ ಎಪಿ ಫಿಸಿಕ್ಸ್ ವಿಷಯ ಎತ್ತಿದ. ಅವನಿಗೆ ಬೇಕಾದ ಸೈನ್ಸ್ ಕ್ರೆಡಿಟ್ ಮೊದಲೇ ಮುಗಿದಿತ್ತು. ಕಾಲೇಜಿಗೆ ಬರೆದು ಕೇಳಿದ, ಒಪ್ಪಿದರು, ಬಿಟ್ಟ.

ಡಿಪ್ಲೊಮಾಗೆ ಬೇಕಾದ ಕ್ಲಾಸು ಬೇರೆ, ಕಾಲೇಜು ಕೇಳುವ ಕ್ಲಾಸು ಬೇರೆ, ಸುಮ್ನೆ ಅರ್ಜಿಯಲ್ಲಿ ಬರೆದಿದ್ದ ಕ್ಲಾಸು ಬೇರೆ. ನಿಮ್ಮ ಮಗನ ಇಂಗ್ಲಿಷ್ ಮೂರಕ್ಕೂ ಸೇರುತ್ತದೆ. ಅದಕ್ಕೇ ಇಷ್ಟು ಒತ್ತಿ ಹೇಳುತ್ತಿದ್ದೇನೆ. ಇನ್ನೊಂದು ವಿಷಯ. ಕಾಮನ್ ಆ್ಯಪ್ (ಹಲವು ಕಾಲೇಜುಗಳಿಗೆ ಒಂದೇ ಅರ್ಜಿ) ಮೂಲಕ ಹೋದವರಿಗೆ ಕೌನ್ಸೆಲರೇ ಮಧ್ಯದಲ್ಲೊಂದು, ಕೊನೆಗೊಂದು ರಿಪೋರ್ಟ್ ಕಳಿಸುತ್ತಾರೆ. ಮಕ್ಕಳು ಹೇಳದಿದ್ದರೂ ಕಾಲೇಜಿಗೆ ಗೊತ್ತಾಗಿಯೇ ಆಗುತ್ತದೆ.

ಸ್ಯಾಕ್ರಮೆಂಟೊದಿಂದ

ಹೇಳದೆ ಬಿಟ್ಟರೆ ಏನಾಗುತ್ತದೆ ಅನ್ನುವುದಕ್ಕೆ ನಮ್ಮ ಅಕ್ಕನ ಮಗನ ಕಥೆ. ಕೊನೇ ಸೆಮಿಸ್ಟರಿನಲ್ಲಿ ಗವರ್ನಮೆಂಟ್ (ಸರ್ಕಾರ ಹೇಗೆ ನಡೆಯುತ್ತದೆ ಅನ್ನುವ ವಿಷಯ) ಕ್ಲಾಸಿಗೆ ಹೋಗುವುದನ್ನೇ ನಿಲ್ಲಿಸಿದ. ಎಫ್ ಬಂತು. ಯುಸಿಗೆ ಸ್ಕೂಲಿನಿಂದ ಅಂತಿಮ ಟ್ರಾನ್ಸ್‌ಕ್ರಿಪ್ಟ್ ಹೋಗಲು ಜುಲೈ 1 ಗಡುವು. ಅದು ತಲುಪಿದ ಮೇಲೆ ಕಾಲೇಜಿನಿಂದ ಪತ್ರ ಬಂತು. ಅಷ್ಟರಲ್ಲಿ ಸ್ಕೂಲಿಗೆ ಬೇಸಿಗೆ ರಜೆ, ಕೌನ್ಸೆಲರ್ ಸಿಗಲಿಲ್ಲ, ಫೋನ್ ಎತ್ತುವವರೇ ಇರಲಿಲ್ಲ. ಹಾಸ್ಟೆಲ್ ದುಡ್ಡು ಕಟ್ಟಿ ಆಗಿತ್ತು. ಅಕ್ಕ ಊಟ ನಿದ್ದೆ ಬಿಟ್ಟಿದ್ದಳು.

ಹುಡುಗ ಹತ್ತಿರದ ಕಮ್ಯುನಿಟಿ ಕಾಲೇಜಿನಲ್ಲಿ (ಎರಡು ವರ್ಷದ ಸ್ಥಳೀಯ ಕಾಲೇಜು) ಬೇಸಿಗೆ ಕ್ಲಾಸ್ ಹಿಡಿದ. ಹೈಸ್ಕೂಲಿಗೂ ಅದು ನಡೆಯುತ್ತದೆ ಅಂತ ಸ್ಕೂಲ್ ಡಿಸ್ಟ್ರಿಕ್ಟ್ ಕಚೇರಿಯಿಂದ ಬರೆಸಿಕೊಂಡ, ಸೇರಿದ ರಸೀದಿಯನ್ನು ಯುಸಿಗೆ ಕಳಿಸಿದ, ನಡೆದಿದ್ದನ್ನು ಮುಚ್ಚುಮರೆ ಇಲ್ಲದೆ ಬರೆದ. ಸೀಟ್ ಉಳಿಯಿತು. ಎಲ್ಲರಿಗೂ ಹಾಗೆ ಆಗುತ್ತದೆ ಅಂತ ನಾನು ಹೇಳಲಾರೆ. 2017ರಲ್ಲಿ ಯುಸಿ ಅರ್ವೈನ್ ಸುಮಾರು 500 ಮಕ್ಕಳ ಆಫರ್ ವಾಪಸ್ ತೆಗೆದುಕೊಂಡಿದ್ದು ನೆನಪಿರಬಹುದು. ಗಲಾಟೆಯಾದ ಮೇಲೆ ಬಹಳ ಮಕ್ಕಳಿಗೆ ಸೀಟ್ ಮರಳಿ ಸಿಕ್ಕಿತು. ಆ ನಡುವಿನ ವಾರಗಳು ಯಾವ ಮನೆಗೂ ಬೇಡ.

ಯುಸಿ ಡೇವಿಸ್‌ನಲ್ಲಿ ಓದುತ್ತಿರುವ ವಿದ್ಯಾರ್ಥಿನಿ

ಆಂಟಿ, ನಿಮ್ಮ ಮಗನ ಕಡೆಯಿಂದ ಒಂದು ಮಾತು. ಏಪ್ರಿಲ್ ಹೊತ್ತಿಗೆ ನಮಗೆ ನಿಜವಾಗಲೂ ಸುಸ್ತಾಗಿರುತ್ತದೆ. ಅರ್ಜಿ, ಅದರ ಎಸ್ಸೆಗಳು, ಎಪಿ ಪರೀಕ್ಷೆ, ಎಲ್ಲಾ ಒಂದೇ ವರ್ಷ. ದಯವಿಟ್ಟು ಸೋಮಾರಿ ಅನ್ನಬೇಡಿ.

ಅವನು ಕೌನ್ಸೆಲರ್‌ಗಿಂತ ಮೊದಲು ಆ ಟೀಚರ್ ಹತ್ತಿರ ಹೋಗಲಿ. ಕ್ಲಾಸ್ ಮುಗಿದ ಮೇಲೆ, ಲ್ಯಾಪ್‌ಟಾಪ್‌ನಲ್ಲಿ ಗ್ರೇಡ್ ಪೇಜ್ ತೆಗೆದುಕೊಂಡು. ನಾನು ಹೋದಾಗ ಟೀಚರ್ ಆ ಪಟ್ಟಿಯನ್ನು ಮೇಲಿನಿಂದ ಕೆಳಗೆ ನೋಡಿ ಎರಡು ಸೊನ್ನೆಗಳ ಮೇಲೆ ಬೆರಳಿಟ್ಟರು. ಎರಡೂ ನಾನು ಕೊಡದೇ ಬಿಟ್ಟ ಚಿಕ್ಕ ಅಸೈನ್‌ಮೆಂಟು. ಆಮೇಲೆ ಒಂದು ಹಳೇ ಎಸ್ಸೆ ತೋರಿಸಿ, ಇದನ್ನು ತಿದ್ದಿ ಬರೆದರೆ ಮತ್ತೆ ನೋಡುತ್ತೇನೆ ಅಂದರು. ಅವಷ್ಟನ್ನೇ ಮಾಡಿದೆ, ಗ್ರೇಡ್ ಬಿ ಆಯಿತು. ಹೆಚ್ಚಿನ ಟೀಚರುಗಳಿಗೆ ಸೀಟ್ ಸಿಕ್ಕ ಮಕ್ಕಳನ್ನು ಫೇಲ್ ಮಾಡುವ ಆಸೆ ಇರುವುದಿಲ್ಲ ಆಂಟಿ. ನಾವೇ ಹೋಗಿ ಕೇಳಬೇಕು ಅಷ್ಟೇ.

ಬೆಂಗಳೂರಿನಿಂದ

ಇಲ್ಲಿಂದ ಹೊರಡುವ ಮಕ್ಕಳ ತಂದೆತಾಯಂದಿರೂ ಇದನ್ನು ಗಮನಿಸಿ. ಮಗಳಿಗೆ ಅಮೆರಿಕದ ಆಫರ್ ಬಂದಿದ್ದು ಬೋರ್ಡ್ ಪರೀಕ್ಷೆಯ ಫಲಿತಾಂಶಕ್ಕಿಂತ ಮೊದಲು. ಆಮೇಲೆ ಸಿಬಿಎಸ್‌ಇ ಹನ್ನೆರಡನೇ ಕ್ಲಾಸಿನ ಅಂಕಪಟ್ಟಿಯನ್ನೂ ಕಳಿಸಿ ಅಂತ ಕೇಳಿದರು. ಆಫರ್ ಬಂತು ಅಂತ ಬೋರ್ಡ್ ಪರೀಕ್ಷೆಯನ್ನು ಹಗುರವಾಗಿ ನೋಡಬೇಡಿ.

ಪ್ರಶ್ನೆ ಕೇಳಿದ ಅಮ್ಮ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಮಗನಿಗೂ ಓದಿಸಿದೆ. ಸಿ ಮೈನಸ್ ಅಂದರೂ ಸಿ ಅಂತ ತಿಳಿದಾಗ ಮುಖ ಸ್ವಲ್ಪ ಅರಳಿತು. ನಾಳೆ ಟೀಚರ್ ಹತ್ತಿರ ಹೋಗುತ್ತಾನಂತೆ. ಅಲ್ಲಿ ದಾರಿ ಕಾಣದಿದ್ದರೆ ಕೌನ್ಸೆಲರ್‌ನ ಕೇಳಿ, ಕಾಲೇಜಿಗೆ ಬರೆದು, ಸಾಮಾನ್ಯ ಇಂಗ್ಲಿಷಿಗೆ ಇಳಿಯುವುದು. ಇನ್ನೊಂದು ಡೌಟು: ಹಾಗೆ ಇಳಿದರೆ ಮೇ ತಿಂಗಳ ಎಪಿ ಪರೀಕ್ಷೆ ಗತಿಯೇನು? ದುಡ್ಡು ಆಗಲೇ ಕಟ್ಟಿದ್ದೇವೆ.

ಸ್ಯಾನ್ ಹೋಸೆಯಿಂದ

ಅಕ್ಕ, ಕ್ಲಾಸಿನಲ್ಲಿ ಇಲ್ಲದಿದ್ದರೂ ಪರೀಕ್ಷೆ ಬರೆಯಬಹುದು. ಬರೆಯದಿದ್ದರೆ 40 ಡಾಲರ್ ಹಿಡಿದುಕೊಳ್ಳುತ್ತಾರೆ, ಉಳಿದಿದ್ದನ್ನು ಕೊಡುವುದು ಸ್ಕೂಲಿಗೆ ಬಿಟ್ಟಿದ್ದು. ಮಗಳು ಬರೆದಳು. 3 ಅಥವಾ ಅದಕ್ಕಿಂತ ಜಾಸ್ತಿ ಬಂದರೆ ಯುಸಿಯಲ್ಲಿ ಕ್ರೆಡಿಟ್ ಸಿಗುತ್ತದೆ, ಕಡಿಮೆ ಬಂದರೆ ಸೀಟಿಗೇನೂ ಆಗುವುದಿಲ್ಲ. ಪರೀಕ್ಷೆ ವಿಷಯ ಆಮೇಲೆ ನೋಡಿಕೊಳ್ಳಿ, ಈ ವಾರ ಟೀಚರ್ ಹತ್ತಿರ ಹೋಗುವುದು ಮುಖ್ಯ. ಏನಂದರು ಅಂತ ತಿಳಿಸಿ.