ದೇವರ ಭಯ ಇಲ್ಲದಿದ್ದರೆ ಮಕ್ಕಳು ದಾರಿ ತಪ್ಪುತ್ತಾರಾ?

ಕಾಫಿಪುಡಿ:
ನಾನೂ ಹೆಂಡತಿಯೂ ದೇವರನ್ನು ನಂಬುವುದಿಲ್ಲ. ಮಗಳಿಗೆ ಎಂಟು ವರ್ಷ, ಶ್ಲೋಕ ಗೀಕ ಏನೂ ಹೇಳಿಕೊಟ್ಟಿಲ್ಲ. ಊರಿಂದ ಅಮ್ಮ ಬಂದಾಗಲೆಲ್ಲ ಇದೇ ಜಗಳ. "ದೇವರು ದಿಂಡರು ಅನ್ನೋ ಭಯಾನೇ ಇಲ್ಲದಿದ್ದರೆ ಸುಳ್ಳು ಹೇಳಬಾರದು ಅಂತ ಮಗು ಯಾಕೆ ಅಂದುಕೊಳ್ಳುತ್ತೆ?" ಅನ್ನುತ್ತಾರೆ. ಸುಮ್ನೆ ತಳ್ಳಿಹಾಕುವ ಪ್ರಶ್ನೆ ಅಲ್ಲ ಅನ್ನಿಸಿತು. ನೀವೇನಂತೀರಿ?

ಹಳೇಪೇಪರ್:
ಎಚ್. ನರಸಿಂಹಯ್ಯನವರನ್ನು ನೆನಪಿಸಿಕೊಳ್ಳಿ. ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿ ಆಗಿದ್ದಾಗ, 1976ರಲ್ಲಿ, ಪವಾಡಗಳನ್ನು ಪರೀಕ್ಷೆ ಮಾಡೋಕೆ ಸಮಿತಿ ಮಾಡಿದವರು. ಅಂಥವರು ಮದುವೆ ಆಗದೆ, ಖಾದಿ ಉಟ್ಟುಕೊಂಡು, ನ್ಯಾಷನಲ್ ಕಾಲೇಜಿನ ಹಾಸ್ಟೆಲ್ ಕೋಣೆಯಲ್ಲೇ ವರ್ಷಗಟ್ಟಲೆ ಇದ್ದರು. ಮೇಲಿಂದ ಯಾರೋ ನೋಡುತ್ತಿದ್ದಾರೆ ಅಂತ ಹೆದರಿ ಅಲ್ಲ.

ಒಗ್ಗರಣೆ:
ಅವರು ಗಾಂಧಿವಾದಿ ಅಲ್ವಾ? ಗಾಂಧಿ ರಾಮನಾಮ ಬಿಟ್ಟವರಲ್ಲ. ನಂಬದವರು ಒಳ್ಳೆಯವರಾಗಿರಬಹುದು, ಇಲ್ಲ ಅನ್ನುವುದಿಲ್ಲ, ಆದರೆ ಆ ಒಳ್ಳೆಯತನ ನಂಬಿದವರು ಬೆಳೆಸಿಟ್ಟ ಊರಲ್ಲೇ ಕಲಿತದ್ದು. ಸಿದ್ಧಗಂಗಾ ಮಠದಲ್ಲಿ ಸಾವಿರಾರು ಮಕ್ಕಳಿಗೆ ದಿನಾ ಊಟ, ಪಾಠ ನಡೆಯುತ್ತದೆ. ಬರೀ ವಾದದಿಂದ ಒಲೆ ಹಚ್ಚೋಕೆ ಆಗುತ್ತಾ?

ತುಂಗಾತೀರ:
ದಾಸೋಹಕ್ಕೆ ಕೈ ಮುಗಿಯುತ್ತೇನೆ. ಆದರೆ ಎಲ್ಲಮ್ಮನ ಹೆಸರಲ್ಲಿ ಹೆಣ್ಣುಮಕ್ಕಳಿಗೆ ಮುತ್ತು ಕಟ್ಟಿ ದೇವದಾಸಿಯರಾಗಿ ಬಿಡುತ್ತಿದ್ದರಲ್ಲ, ಅದೂ ಭಕ್ತಿಯೇ. ತಲೆಯಲ್ಲಿ ಜಡೆ ಬಂದರೆ ದೇವಿ ಕರೆಯುತ್ತಿದ್ದಾಳೆ, ಬಿಡದಿದ್ದರೆ ಮನೆಗೆ ಕೇಡು ಅಂತ ಹೆದರಿಕೆ. ಕೂದಲು ಬಾಚದೆ, ತೊಳೆಯದೆ ಬಿಟ್ಟರೂ ಗಂಟಾಗುತ್ತದೆ, ಅದನ್ನು ಹೇಳುವವರು ಬೇಕಿತ್ತು. ಕರ್ನಾಟಕದಲ್ಲಿ ಇದನ್ನು ನಿಷೇಧಿಸುವ ಕಾಯ್ದೆ ಬಂದದ್ದು 1982ರಲ್ಲಿ. ದೇವರ ಭಯ ಅಲ್ಲಿ ಹುಡುಗಿಯನ್ನು ಕಾಯಲಿಲ್ಲ, ಅದೇ ಅವಳನ್ನು ಒಪ್ಪಿಸಿದ್ದು.

ಒಗ್ಗರಣೆ:
ಅದು ಧರ್ಮ ಅಲ್ಲ, ಮೌಢ್ಯ. ಜಾತಿ ಬೇಡ ಅಂತ 12ನೇ ಶತಮಾನದಲ್ಲೇ ನಿಂತ ಬಸವಣ್ಣನವರೂ ದೇವರನ್ನು ನಂಬಿದವರೇ.

ತುಂಗಾತೀರ:
ಸರಿ, ಇದು ಧರ್ಮ, ಅದು ಮೌಢ್ಯ ಅಂತ ಬೇರೆ ಮಾಡಿದಿರಲ್ಲ, ಯಾವುದನ್ನು ಇಟ್ಟುಕೊಂಡು ಬೇರೆ ಮಾಡಿದಿರಿ? ಮುತ್ತು ಕಟ್ಟುತ್ತಿದ್ದವರೂ ಇದೇ ಧರ್ಮ ಅನ್ನುತ್ತಿದ್ದರು. ನಿಮ್ಮ ಒಳಗೆ ಆಗಲೇ ಒಂದು ನ್ಯಾಯ ಇತ್ತು, ಅದರಿಂದ ತೂಗಿದಿರಿ. ನಾನು ಹೇಳುವುದೂ ಅಷ್ಟೇ.

ಹಳೇಪೇಪರ್:
ಕಾಫಿಪುಡಿಯವರೇ, ಇವರಿಬ್ಬರ ವಾದ ಮುಗಿಯಲ್ಲ. ಸುಳ್ಳು ಹೇಳಿದರೆ ಅಜ್ಜಿ ಮುಂದಿನ ಸಲ ನಂಬುವುದಿಲ್ಲ ಅಂತ ಮಗಳಿಗೆ ಹೇಳಿ, ಎಂಟು ವರ್ಷಕ್ಕೆ ಅಷ್ಟು ಸಾಕು. ಶ್ಲೋಕ ಅಮ್ಮನೇ ಹೇಳಿಕೊಡಲಿ ಬಿಡಿ. ಉಚ್ಚಾರಣೆಯಾದರೂ ಚೆನ್ನಾಗಾಗುತ್ತೆ.