ಅಜ್ಜನ ಮನೆ ಬಳಗ: ಒಲೆ ಜಾಲರಿ ಪಂಚಾಯ್ತಿ

(ನಮ್ಮ ಮನೆಯ ವಾಟ್ಸಾಪ್ ಗುಂಪಿನಲ್ಲಿ ನಡೆದದ್ದು. ಗುಡ್ ಮಾರ್ನಿಂಗ್ ಹೂವು, ಕೈ ಮುಗಿಯುವ ಚಿತ್ರ ಎಲ್ಲ ತೆಗೆದು ಉಳಿದದ್ದನ್ನು ಹಾಗೇ ಇಟ್ಟಿದ್ದೇನೆ.)

ಸೋಮವಾರ

ಮಂಜಣ್ಣ: ಎಲ್ಲರೂ ಫೋಟೋ ನೋಡಿ. ದೊಡ್ಡ ಅಡುಗೆಮನೆಯ ಒಲೆ. ಜಾಲರಿಯ ನಡುವಿನ ಮೂರು ಸರಳು ಸುಟ್ಟು ತುಂಡಾಗಿವೆ, ಕೆಂಡ ನಿಲ್ಲುತ್ತಿಲ್ಲ, ಸೀದಾ ಬೂದಿ ಗುಂಡಿಗೆ ಬೀಳುತ್ತದೆ. ಒಳಗಿನ ಗೋಡೆಯೂ ಹಪ್ಪಳದ ಹಾಗೆ ಎದ್ದು ಬರುತ್ತಿದೆ. ಚೌತಿಗೆ ಮುಂಚೆ ರಿಪೇರಿ ಆಗಬೇಕು. ಒಟ್ಟು 3,000 ಬೀಳುತ್ತದೆ, ಐದೂ ಮನೆಯವರು ಹಾಕಬೇಕು.

ಚಿಕ್ಕಪ್ಪ: 3,000 ಯಾಕಪ್ಪಾ? ವೆಲ್ಡಿಂಗ್ ಅಂಗಡಿಯಲ್ಲಿ 12 ಎಂಎಂ ಸರಳು ತುಂಡು ಮಾಡಿಸಿ ಜೋಡಿಸಿದರೆ 300 ರೂಪಾಯಿಗೆ ಮುಗೀತು.

ಮಂಜಣ್ಣ: ಹೋದ ಸಲ ಮಾಡಿಸಿದ್ದೂ ಅದನ್ನೇ ಅಲ್ವಾ ಚಿಕ್ಕಪ್ಪ. ಎರಡು ವರ್ಷ ಬರಲಿಲ್ಲ.

ವಿನಯ: ನನ್ನ ಕೇಳಿದರೆ ಸುಮ್ನೆ ಒಡೆದು ಹಾಕಿ. ಎರಡು ದೊಡ್ಡ ಗ್ಯಾಸ್ ಒಲೆ ತಂದಿಟ್ಟರೆ ಆಯ್ತು. ಇನ್ನೂ ಎಷ್ಟು ವರ್ಷ ಹೊಗೆ ಕುಡಿಯೋದು?

ಸುಮಾ ಅತ್ತೆ: ಬೆಂಗಳೂರಲ್ಲಿ ಕೂತು ಒಡೆಯೋದು ಸುಲಭ ಮಾರಾಯ. ಸಿಲಿಂಡರ್ ನೀನು ತುಂಬಿಸಿ ಕಳಿಸ್ತೀಯಾ? ತೋಟದಲ್ಲಿ ಬಿದ್ದ ಹಾಳೆ, ಸೋಗೆ, ಅಡಿಕೆ ಸಿಪ್ಪೆ ಎಲ್ಲ ಎಲ್ಲಿ ಹಾಕೋದು?

ನಾನು: ವಿನಯ, ಅದು ಮೂರು ಕಲ್ಲಿಟ್ಟ ಒಲೆ ಅಲ್ಲ, ಅಸ್ತ್ರ ಒಲೆ. ನಿನ್ನ ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟಿನವರೇ, ಅಂದರೆ ಭಾರತೀಯ ವಿಜ್ಞಾನ ಸಂಸ್ಥೆಯವರೇ ಮಾಡಿದ್ದು. 1974ರಲ್ಲಿ ಅಲ್ಲಿ ಹಳ್ಳಿಗಳಿಗೋಸ್ಕರ ಅಂತಲೇ ಅಸ್ತ್ರ ಅನ್ನೋ ವಿಭಾಗ ಶುರುವಾಯ್ತು. ಕುಣಿಗಲ್ ತಾಲ್ಲೂಕಿನ ಉಂಗ್ರದಲ್ಲಿ ಅವರದೊಂದು ಕೇಂದ್ರವೂ ಇತ್ತು. 80ರ ದಶಕದಲ್ಲಿ ಒಲೆ ಊರೂರಿಗೆ ಬಂತು, ಅಜ್ಜ ಆಗಲೇ ಹಾಕಿಸಿದ್ದು. ಹಳೇ ಒಲೆಯಲ್ಲಿ ಸೌದೆಯ ಬಿಸಿ 100ಕ್ಕೆ 10 ಪಾಲು ಪಾತ್ರೆಗೆ ಮುಟ್ಟಿದರೆ ದೊಡ್ಡದು. ಇದರಲ್ಲಿ 30 ದಾಟುತ್ತದೆ. ಹೊಗೆಯೂ ಕೊಳವೆಯಲ್ಲಿ ಆಚೆ ಹೋಗುತ್ತದೆ. ಒಳಗಿನದೆಲ್ಲ ಸರಿ ಇದ್ದರೆ.

ವಿನಯ: ಸರಿ ಇಲ್ವಲ್ಲ. ಅದಕ್ಕೇ ಹೇಳಿದ್ದು.

ಚಿಕ್ಕಪ್ಪ: ಭಾಷಣ ಸಾಕು. ವೆಲ್ಡಿಂಗಿಗೆ ನಾನೇ ಹೇಳ್ತೇನೆ.

ಶ್ರೀಧರ ಭಾವ: ಚಿಕ್ಕಪ್ಪ, ಒಂದು ನಿಮಿಷ. ವೆಲ್ಡಿಂಗ್ ಅಂಗಡಿಯ ಸರಳು ಮನೆ ಸ್ಲ್ಯಾಬಿಗೆ ಹಾಕುವ ಕಬ್ಬಿಣ. ಕೆಂಡದ ಬಿಸಿಗೆ ಅದು ಪದರ ಪದರವಾಗಿ ಉದುರುತ್ತದೆ, ಸಪೂರ ಆಗುತ್ತದೆ, ಆಮೇಲೆ ನಡುವೆ ಜೋತು ಬೀಳುತ್ತದೆ. ಬೀಡು ಕಬ್ಬಿಣದ ಜಾಲರಿ ಬೇಕು. ಶಿವಮೊಗ್ಗದಲ್ಲಿ ಫೌಂಡ್ರಿಗಳಿಗೇನು ಬರ? 900 ರೂಪಾಯಿಗೆ ಎರಕದ್ದು ಸಿಗುತ್ತದೆ. ಒಂದೇ ಷರತ್ತು, ಕಾದಿರುವಾಗ ಅದರ ಮೇಲೆ ನೀರು ಹಾಕಬಾರದು, ಟಪ್ಪಂತ ಸೀಳುತ್ತದೆ. ಗಂಜಿ ಉಕ್ಕಿ ಸುರಿದರೂ ಕಷ್ಟ.

ಚಿಕ್ಕಪ್ಪ: ಹಾಗಾದರೆ ಅಜ್ಜ ಹಾಕಿಸಿದ ಜಾಲರಿ ಹೇಗೆ ಮೂವತ್ತು ವರ್ಷ ಬಂತು? ಆಗ ಗಂಜಿ ಉಕ್ಕುತ್ತಿರಲಿಲ್ವಾ?

ಮಂಜಣ್ಣ: ಅದು ಬೀಡಿನದೇ ಚಿಕ್ಕಪ್ಪ. ನೀವು ಗುಜರಿಗೆ ಕೊಟ್ಟಿದ್ದು.

ಚಿಕ್ಕಪ್ಪ: ಈ ಸಂದೇಶವನ್ನು ಅಳಿಸಲಾಗಿದೆ

ಮಂಗಳವಾರ

ವಿನಯ: ರಾತ್ರಿ ಚಿಕ್ಕಪ್ಪ ಏನು ಬರೆದಿದ್ದರು? ಯಾರಾದರೂ ಓದಿದ್ರಾ?

ಸುಮಾ ಅತ್ತೆ: ಬೇಡ ಬಿಡು.

ಶ್ರೀಧರ ಭಾವ: ಜಾಲರಿ ಒಂದೇ ಅಲ್ಲ. ಫೋಟೋ ದೊಡ್ಡದು ಮಾಡಿ ನೋಡಿದೆ. ಒಳಗೋಡೆಗೆ ಸಿಮೆಂಟು ಹಾಕಿದ್ದು ಯಾರು? ಒಲೆಯೊಳಗೆ ಸಿಮೆಂಟು ನಿಲ್ಲೋದಿಲ್ಲ. 400 ಡಿಗ್ರಿ ದಾಟಿತು ಅಂದರೆ ಅದರ ಹಿಡಿತ ಬಿಡುತ್ತದೆ, ಆಮೇಲೆ ಮಳೆಗಾಲದ ತೇವ ಕುಡಿದು ಉಬ್ಬುತ್ತದೆ, ಮತ್ತೆ ಕಾಯುತ್ತದೆ, ಸಿಪ್ಪೆ ಏಳುತ್ತದೆ. ಬೆಂಕಿ ತಡೆಯುವ ಫೈರ್ ಬ್ರಿಕ್ ಇಟ್ಟಿಗೆ ಕಟ್ಟಿ ಫೈರ್ ಕ್ಲೇ ಮಣ್ಣು ಹಾಕಬೇಕು, ಅದೂ ಸಿಮೆಂಟಿನ ಹಾಗೆ ದಪ್ಪಕ್ಕೆ ಅಲ್ಲ, ಸಂದಿಯಲ್ಲಿ ದೋಸೆ ಹಿಟ್ಟಿನಷ್ಟು ತೆಳ್ಳಗೆ.

ಚಿಕ್ಕಪ್ಪ: ಮೇಸ್ತ್ರಿ ಹೇಳಿದ, ಸಿಮೆಂಟೇ ಗಟ್ಟಿ ಅಂತ. ನಾನೇನು ಒಲೆ ಇಂಜಿನಿಯರಾ? ಆಗ ನೀವೆಲ್ಲ ಎಲ್ಲಿದ್ರಿ? ದುಡ್ಡು ಕೇಳಿದರೆ ಥಂಬ್ಸಪ್ ಹಾಕಿ ಕೂತಿರಿ. ಬಿಸಿಲಲ್ಲಿ ನಿಂತು ಮಾಡಿಸಿದವನಿಗೇ ಈಗ ಬೈಗುಳ.

(ಇಲ್ಲಿ ಚಿಕ್ಕಪ್ಪ ಹೇಳಿದ್ದು ನಿಜ. ಥಂಬ್ಸಪ್ ಹಾಕಿದವರಲ್ಲಿ ನಾನೂ ಒಬ್ಬ.)

ವಿನಯ: ಜಾಲರಿ ಅಷ್ಟು ಬೇಗ ಹೋಗಿದ್ದು ಕಬ್ಬಿಣ ಕೆಟ್ಟದ್ದು ಅಂತ. ಮುಗೀತಲ್ಲ, ತಪ್ಪು ಅಂಗಡಿಯವನದು.

ಮಂಜಣ್ಣ: ಅಷ್ಟೇ ಅಲ್ಲ. ಈ ಫೋಟೋ ನೋಡು. ನಿನ್ನ ಮಗನ ಉಪನಯನದ ಮೂರನೇ ದಿನದ್ದು. ಬೂದಿ ಗುಂಡಿ ನೋಡು.

ವಿನಯ: ಏನದು?

ಮಂಜಣ್ಣ: ಬೂದಿ ಜಾಲರಿಗೆ ತಾಗುವಷ್ಟು ತುಂಬಿದೆ. ಜಾಲರಿಯನ್ನು ತಂಪು ಇಡೋದು ಕೆಳಗಿಂದ ಬರುವ ಗಾಳಿ. ಅದು ಕಟ್ಟಿಹೋದರೆ ಮೇಲೂ ಕೆಂಡ, ಕೆಳಗೂ ಬಿಸಿ ಬೂದಿ. ಬೀಡೇ ಸೊಟ್ಟ ಆಗುತ್ತದೆ, ಈ ಸರಳು ಯಾವ ಲೆಕ್ಕ? ಮೂರು ದಿನ 200 ಜನರ ಅಡುಗೆ ಆಗಿದೆ, ಯಾರೂ ಒಂದು ಬುಟ್ಟಿ ಬೂದಿ ತೆಗೆದಿಲ್ಲ.

ವಿನಯ: ಅಡುಗೆಯವರಿಗೆ ಹೇಳಬೇಕಿತ್ತು ನೀನು.

ಮಂಜಣ್ಣ: ಕಾರ್ಯ ಯಾರ ಮನೆದು?

ಸುಮಾ ಅತ್ತೆ: ಜಗಳ ಆಡಬೇಡಿ ಮಕ್ಕಳೇ. ಅತ್ತಿಗೆ ಏನಂತಾರೆ ಕೇಳಿದ್ರಾ ಯಾರಾದರೂ? ದಿನಾ ಒಲೆ ಹಚ್ಚೋದು ಅವರು.

(ದೊಡ್ಡಮ್ಮನ ವಾಯ್ಸ್ ಮೆಸೇಜು ಬಂದದ್ದು ಸಂಜೆ. ಆರು ನಿಮಿಷ. ಮೊದಲ ಎರಡು ನಿಮಿಷ ದನಕ್ಕೆ ಬೈದದ್ದು. ಉಳಿದದ್ದನ್ನು ಬರೆದುಕೊಂಡೆ.)

ದೊಡ್ಡಮ್ಮ: ಜಾಲರಿ ಜಾಲರಿ ಅಂತ ಎರಡು ದಿನದಿಂದ ಟುಂಯ್ ಟುಂಯ್ ಅಂತಿದೆ ಫೋನು. ಜಾಲರಿ ಹೋದದ್ದು ನನಗೆ ಯುಗಾದಿಯಲ್ಲೇ ಗೊತ್ತಾಗಿತ್ತು. ಒಂದು ಒಡೆದ ಹಂಚಿನ ತುಂಡು ಇಟ್ಟು ನಡೆಸಿದ್ದೇನೆ. ನನ್ನ ಕಷ್ಟ ಒಲೆಯ ಎರಡನೇ ಕಣ್ಣಿನದು, ಎರಡನೇ ಪಾತ್ರೆ ಇಡುವ ತೂತಿನದು. ಮುಂದಿನ ಕಣ್ಣಲ್ಲಿ ಅನ್ನ ಬೆಂದು ಇಳಿಸಿದರೂ ಎರಡನೇದರಲ್ಲಿ ಬೇಳೆ ಹಾಗೇ ಕೂತಿರುತ್ತದೆ, ಮೂರನೇದರಲ್ಲಿ ನೀರು ಉಗುರು ಬೆಚ್ಚಗೂ ಆಗೋದಿಲ್ಲ. ಮೊದಲೆಲ್ಲ ಹೀಗಿರಲಿಲ್ಲ. ಆ ಕಣ್ಣಿನ ಕೆಳಗೆ ಒಂದು ಮಣ್ಣಿನ ದಿಬ್ಬ ಇತ್ತು, ಬೆಂಕಿ ಅದನ್ನು ಹತ್ತಿ ಪಾತ್ರೆಯ ತಳ ನೆಕ್ಕಿಕೊಂಡು ಹಿಂದೆ ಹೋಗುತ್ತಿತ್ತು. ಹೋದ ಸಲ ಆ ಮೇಸ್ತ್ರಿ ಬಂದವನು ಏನೋ ಗಲೀಜು ಅಂತ ಕೆರೆದು ಸಪಾಟು ಮಾಡಿಬಿಟ್ಟ. ಈಗ ಬೆಂಕಿ ಕೆಳಗಿಂದಲೇ ಓಡಿಹೋಗಿ ಕೊಳವೆ ಹತ್ತುತ್ತದೆ. ಕೊಳವೆ ಮುಟ್ಟಿದರೆ ಕೈ ಸುಡುತ್ತದೆ, ಪಾತ್ರೆ ಸುಡೋದಿಲ್ಲ. ಅದನ್ನು ಹೇಳೋಣ ಅಂದರೆ ನೀವು ಯಾರೂ ಕೇಳಲಿಲ್ಲ. ಇಟ್ಟಿಗೆ ತನ್ನಿ, ಬೀಡಿನ ಜಾಲರಿ ತನ್ನಿ, ದಿಬ್ಬ ಮಾತ್ರ ನಾನೇ ಕಟ್ಟುತ್ತೇನೆ. ಹುತ್ತದ ಮಣ್ಣಿಗೆ ಸಗಣಿ, ಉಮಿ ಕಲಸಿದರೆ ಒಣಗುವಾಗ ಬಿರುಕು ಕಮ್ಮಿ. ಪಾತ್ರೆಗೂ ದಿಬ್ಬಕ್ಕೂ ಎರಡು ಬೆರಳು ಸಂದಿ ಸಾಕು. ವಿನಯ ಮಾಣಿ, ಗ್ಯಾಸು ನಿನ್ನ ಅಮ್ಮನಿಗೆ ಕೊಡಿಸು. ಇಡ್ತೇನೆ, ಕರು ಬಿಚ್ಚಿಕೊಂಡಿದೆ.

ಶ್ರೀಧರ ಭಾವ: ಅತ್ತೆ ಹೇಳಿದ್ದು ನೂರಕ್ಕೆ ನೂರು ಸರಿ. ನನಗೆ ಫೋಟೋದಲ್ಲಿ ದಿಬ್ಬ ಇಲ್ಲದ್ದು ಕಾಣಲೇ ಇಲ್ಲ.

ಚಿಕ್ಕಪ್ಪ: ಮೇಸ್ತ್ರಿ ಕೆರೆಯುವಾಗ ಅತ್ತಿಗೆ ಅಲ್ಲೇ ಇದ್ದರಲ್ಲ.

ದೊಡ್ಡಮ್ಮ: ನಾನು ಶಿವಮೊಗ್ಗ ಆಸ್ಪತ್ರೆಯಲ್ಲಿದ್ದೆ. ಕಣ್ಣಿನ ಆಪರೇಷನ್ನು.

ಚಿಕ್ಕಪ್ಪ: ಹೌದು. ಮರೆತಿದ್ದೆ.

ವಿನಯ: ಸರಿ, ಗ್ಯಾಸಿನ ಮಾತು ವಾಪಸ್. ಆದರೆ ಆ ಕೊಳವೆಯನ್ನಾದರೂ ಬದಲಾಯಿಸಿ, ಕೆಳಗಿನ ತುಂಡು ಕತ್ತರಿಸಿ ಬೇರೆ ಹಾಕಿದರಾಯ್ತು.

ಶ್ರೀಧರ ಭಾವ: ಅದು ಆಸ್ಬೆಸ್ಟಾಸ್ ಪೈಪು. ಗರಗಸ ಹಾಕಬೇಡಿ, ಆ ಧೂಳು ಶ್ವಾಸಕೋಶಕ್ಕೆ ಹೋದರೆ ಕೆಟ್ಟದ್ದು. ಒಡೆದಿಲ್ಲವಲ್ಲ, ಇರಲಿ. ಮೇಲಿಂದ ಹಗ್ಗಕ್ಕೆ ಗೋಣಿ ಗಂಟು ಕಟ್ಟಿ ಎಳೆದು ಮಸಿ ತೆಗೆದರೆ ಸಾಕು. ಹಸಿ ಸೌದೆ ಉರಿಸಿದಷ್ಟೂ ಜಿಡ್ಡು ಮಸಿ ಜಾಸ್ತಿ.

ಭಾನುವಾರ

ಮಂಜಣ್ಣ: ಕೆಲಸ ಮುಗೀತು. ಲೆಕ್ಕ: ಜಾಲರಿ 900, ಫೈರ್ ಬ್ರಿಕ್ 12ಕ್ಕೆ 660, ಫೈರ್ ಕ್ಲೇ 440, ಆಳಿನ ಕೂಲಿ 1,000. ಒಟ್ಟು 3,000. ಮನೆಗೆ 600. ಒಂದು ತಮಾಷೆ ಆಯ್ತು. ಬಂದವನು ಜಾಲರಿ ಮಗುಚಿ ಇಟ್ಟಿದ್ದ. ಸರಳು ಒಂದು ಕಡೆ ಅಗಲ, ಒಂದು ಕಡೆ ಸಪೂರ ಇರುತ್ತದೆ. ಅಗಲದ್ದು ಮೇಲೆ ಬರಬೇಕು, ಆಗ ಸಂದಿಯಲ್ಲಿ ಇಳಿದ ಬೂದಿ ಸಿಕ್ಕಿಕೊಳ್ಳದೆ ಬೀಳುತ್ತದೆ. ಅವನು ಉಲ್ಟಾ ಇಟ್ಟು ಸುತ್ತ ಮಣ್ಣು ಬೇರೆ ಬಿಗಿಯಾಗಿ ಮೆತ್ತಿದ್ದ. ಅದನ್ನು ಕಂಡು ಬಿಡಿಸಿದ್ದು ಚಿಕ್ಕಪ್ಪ.

ಚಿಕ್ಕಪ್ಪ: ಕಬ್ಬಿಣ ಕಾದರೆ ಹಿಗ್ಗುತ್ತದೆ, ಜಾಗ ಬೇಡವಾ? ಬಿಗಿ ಇಟ್ಟರೆ ಗೋಡೆ ತಳ್ಳುತ್ತದೆ. ಇಷ್ಟು ಗೊತ್ತಿಲ್ವಾ ನನಗೆ.

ಸುಮಾ ಅತ್ತೆ: ಇದು ಸೋಮವಾರ ಎಲ್ಲಿತ್ತು ಜ್ಞಾನ 😄

ದೊಡ್ಡಮ್ಮ: ಒಂದು ವಾರ ಒಣಗಲಿ. ಆಮೇಲೆ ಮೂರು ದಿನ ಬರೀ ಹಾಳೆ ತುಂಡಿನ ಸಣ್ಣ ಬೆಂಕಿ. ಅಲ್ಲೀವರೆಗೆ ಯಾರೂ ಬಂದು ಹೋಳಿಗೆ ಅನ್ನಬೇಡಿ.

ಚಿಕ್ಕಪ್ಪ: ಮಂಜಾ, ಹಳೇ ಸರಳಿನ ಜಾಲರಿ ಮೂರು ಕೆಜಿ ಇರುತ್ತದೆ. ಗುಜರಿಗೆ 90 ರೂಪಾಯಿ ಸಿಗುತ್ತದೆ. ಅದನ್ನು ಕಳೆದರೆ 2,910, ಮನೆಗೆ 582. ನಾನು 582 ಹಾಕಿದ್ದೇನೆ, ಫೋನ್ ನೋಡು.

ದೊಡ್ಡಮ್ಮ: ಹಳೇದು ಕೊಡೋದಿಲ್ಲ. ಕೋಳಿ ಗೂಡಿನ ಬಾಗಿಲಿಗೆ ಕಟ್ಟಿಸಿ ಆಯ್ತು.

ವಿನಯ: ನಮ್ಮ ಮನೇಲಿ ಕೋಳಿ ಯಾವಾಗಿಂದ??

ದೊಡ್ಡಮ್ಮ: ಕೆಲಸದವಳ ಮನೆ ಗೂಡಿಗೆ. ನೀನು 600 ಹಾಕಿದೆಯಾ?

ಚಿಕ್ಕಪ್ಪ: ಮಂಜಾ, ಇನ್ನು 18 ರೂಪಾಯಿ ಕಳಿಸಿದ್ದೇನೆ. ಬಂತಾ ನೋಡು.