ಸಹಾಯ ಬೇಕು: ದಾಸವಾಳದ ಚಿತ್ರ ಮೊದಲಿಂದ ಶುರು ಮಾಡಬೇಕು
ಎಲ್ಲರಿಗೂ ನಮಸ್ಕಾರ. ಜಲವರ್ಣದಲ್ಲಿ ಕೆಂಪು ದಾಸವಾಳ ಬರೆಯುತ್ತಿದ್ದೇನೆ, ತುಂಬಾ ಬೇಜಾರಾಗಿದೆ. ಹೂವು, ಮೊಗ್ಗು, ಎಲೆ ಎಲ್ಲ ಕಿಕ್ಕಿರಿದ ಚಿತ್ರ ಅದು, ಕೆಂಪಿನ ಪಕ್ಕ ಒದ್ದೆ ಹಸಿರು ತಾಗಿದಲ್ಲೆಲ್ಲ ಕಂದು ಬಣ್ಣಕ್ಕೆ ತಿರುಗಿ ಹೂವಿನ ಕಳೆಯೇ ಹೋಗುತ್ತಿದೆ. ಅದನ್ನು ಬಿಟ್ಟು, ಹೊಸ 300 ಜಿಎಸ್‌ಎಂ ತೂಕದ ದಪ್ಪ ಹಾಳೆಯಲ್ಲಿ ಒಂದೇ ಹೂವು, ಐದು ಎಸಳು, ನಡುವೆ ಕೇಸರದ ಕೋಲು, ಹಿಂದೆ ಬರೀ ಬಿಳಿ, ಅಷ್ಟೇ ಇಟ್ಟುಕೊಳ್ಳೋಣ ಅಂತಿದ್ದೇನೆ. ಆ ಕೋಲಿನ ಜಾಗಕ್ಕೆ ಮಾಸ್ಕಿಂಗ್ ಫ್ಲೂಯಿಡ್ (ಬಣ್ಣ ತಾಗದಂತೆ ತಡೆದು, ಆಮೇಲೆ ಉಜ್ಜಿ ತೆಗೆಯುವ ದ್ರವ) ಹಚ್ಚಲಾ, ಸುಮ್ನೆ ಬಿಳಿ ಬಿಟ್ಟು ಸುತ್ತ ಬಣ್ಣ ತುಂಬಲಾ? ಎಸಳಿನ ಬುಡದ ಕಡುಗೆಂಪನ್ನು ಮೊದಲ ಪದರ ಒದ್ದೆ ಇರುವಾಗಲೇ ಹಾಕಬೇಕಾ, ಒಣಗಿದ ಮೇಲಾ? ನೆರಳಿಗೆ ಕಪ್ಪು ಬೆರೆಸುವುದು ನನಗೆ ಇಷ್ಟವಿಲ್ಲ, ಕೆಂಪು ಮಂಕಾಗಿಬಿಡುತ್ತದೆ ಅಲ್ವಾ? ದಾಸವಾಳ ಬರೆದವರು ದಯವಿಟ್ಟು ಹೇಳಿ, ನಿಮ್ಮ ಚಿತ್ರದ ಫೋಟೊ ಹಾಕಿದರೆ ಇನ್ನೂ ಒಳ್ಳೆಯದು.